ಬಂಡೆಯ ಬರಹವೂ ಪೋರ್ಟಲಿನ ಕಡತವೂ

ಮೊಳಕಾಲ್ಮೂರು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ರೇಷ್ಮೆ ಸೀರೆ. ಚಳ್ಳಕೆರೆ ಎಂದೊಡನೆ ಕಡಲೆಕಾಯಿ ಎಣ್ಣೆ. ಈ ಲೇಖನದಲ್ಲಿ ಅವೆರಡೂ ಇಲ್ಲ. ನಾವು ಹೇಳಹೊರಟಿರುವುದು ಕಂಪ್ಯೂಟರಿನ ವಿಷಯ. ಅದರಲ್ಲಿಯೂ ಪೋರ್ಟಲ್ ಎಂಬ ಹೆಸರಿನಿಂದ ಈಗ ಎಲ್ಲರಿಗೂ ಪರಿಚಿತವಾಗಿರುವ ಅಂತರ್ಜಾಲದ ಹೆಬ್ಬಾಗಿಲನ್ನು ಕಟ್ಟುವ ವಿಷಯ. ಆದರೆ ಆ ಮಾತಿಗೆ ಬರುವ ಮುನ್ನ ಓದುಗರನ್ನು ಒಂದು ಬಂಡೆಯ ಬಳಿಗೆ ಕರೆದೊಯ್ಯಬೇಕಾಗಿದೆ.

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹಗಳನ್ನು ೧೮೯೨ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ಮೂರು ಎಡೆಗಳೂ ಒಂದಕ್ಕೊಂದು ಕೆಲವೇ ಕಿಲೋಮೀಟರುಗಳ ದೂರದಲ್ಲಿವೆ; ಮೂರರಲ್ಲಿಯೂ ಇರುವ ಒಕ್ಕಣೆ ಬಹುಮಟ್ಟಿಗೆ ಒಂದೇ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮವನ್ನು ವಿಚಾರಿಸಿ, ಚಕ್ರವರ್ತಿಯ ಮಾತನ್ನು ತಿಳಿಸುತ್ತಾರೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನು ಹಾಕಿದ್ದಾನೆ. ಹಾಕುವಾಗ ತನ್ನ ವೃತ್ತಿಯನ್ನು ಹೇಳುವ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ವಾಯವ್ಯ ಗಡಿನಾಡಿನ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಏತಕ್ಕೆ ಹಾಗೆ ಮಾಡಿದನೋ! ತನ್ನ ವಿದ್ಯೆಯ ಬಗೆಗೆ ಅವನಿಗೂ ಸ್ವಲ್ಪ ಹೆಮ್ಮೆ ಇದ್ದಿರಬೇಕು. ಜಟಿಂಗ ರಾಮೇಶ್ವರದ ಪ್ರತಿ ಬಹಳ ಸವೆದಿದೆ. ಆದರೂ ಬ್ರಹ್ಮಗಿರಿಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಅದರ ಒಕ್ಕಣೆಯನ್ನು ಊಹಿಸಿಕೊಳ್ಳಬಹುದಾಗಿದೆ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳು ನಡೆದಿರುವುದನ್ನು ಓದುಗರು ಗಮನಿಸಬೇಕು. ಬಂಡೆಯ ಕೆಲಸ ಉಳಿಯುವುದು. ಅದು ಯಾರಿಗೂ ಏನನ್ನೂ ಹೇಳುವುದಿಲ್ಲ, ಯಾರನ್ನೂ ತಡೆಯುವುದಿಲ್ಲ. ಬಂಡೆಯ ಮಾತನ್ನು ಜನರಿಗೆ ಮುಟ್ಟಿಸುವುದು, ಯಾರಿಗೆ ಯಾವಾಗ ಹೇಳಬೇಕೆಂಬುದನ್ನು ನಿರ್ಧರಿಸುವುದು ಮಹಾಮಾತ್ರರ ಕೆಲಸ. ಮಹಾಮಾತ್ರರು ಬದಲಾದರೂ ಬಂಡೆ ಬದಲಾಗಬೇಕಾಗಿಲ್ಲ. ಆದರೆ ಇನ್ನೊಂದು ಕಡೆಯಿಂದ ಅನಾಹುತವಾಯಿತು. ಕಾಲ ಕಳೆದಂತೆ ಬ್ರಾಹ್ಮಿಯನ್ನು ಓದಬಲ್ಲವರೇ ಇಲ್ಲವಾದರು. ಕಲ್ಲು ಉಳಿಯಿತು, ಓದುವ ವಿದ್ಯೆ ಉಳಿಯಲಿಲ್ಲ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಕೀಲಿಯನ್ನು ಕಂಡುಹಿಡಿಯುವವರೆಗೆ ನಾಡಿನ ಉದ್ದಗಲಕ್ಕೂ ಇದ್ದ ಅಶೋಕನ ಬರಹಗಳೆಲ್ಲವೂ ಮೂಕವಾಗಿದ್ದುವು.

ಕಂಪ್ಯೂಟರ್ ತಂತ್ರಾಂಶವನ್ನು ರಚಿಸುವವರು ಈ ಎರಡು ಕೆಲಸಗಳಿಗೂ ಹೆಸರು ಕೊಟ್ಟಿದ್ದಾರೆ. ವಿದ್ಯುತ್ತು ಹೋದರೂ, ಯಂತ್ರ ಬದಲಾದರೂ ಉಳಿಯತಕ್ಕ ಮಾಹಿತಿಯನ್ನು ಇಡುವ, ತೆಗೆಯುವ ಭಾಗಕ್ಕೆ ಸಂಗ್ರಹ ಪದರವೆಂದು ಹೆಸರು. ಆ ಮಾಹಿತಿಯನ್ನು ಯಾರು, ಯಾವ ನಿಯಮಕ್ಕೆ ಒಳಪಟ್ಟು, ಯಾವ ಕ್ರಮದಲ್ಲಿ ಕೇಳಬಹುದು ಅಥವಾ ಬದಲಾಯಿಸಬಹುದು ಎಂಬುದನ್ನು ನೋಡಿಕೊಳ್ಳುವ ಭಾಗಕ್ಕೆ ಸೇವಾ ಪದರವೆಂದು ಹೆಸರು. ಇವೆರಡರ ಮೇಲೆ ಕಣ್ಣಿಗೆ ಕಾಣುವ ಪರದೆ. ಪೋರ್ಟಲ್ ಚೌಕಟ್ಟು ಎಂದರೆ, ಹೊಸ ಹೊಸ ಉಪಕರಣಗಳನ್ನು ಗೋಡೆಯ ವಿದ್ಯುತ್ ಸಾಕೆಟ್ಟಿಗೆ ಚುಚ್ಚುವಂತೆ ಚುಚ್ಚಲು ಅವಕಾಶವಿರುವ ಏರ್ಪಾಡು. ಹೀಗೆ ಚುಚ್ಚುವ ಭಾಗಗಳನ್ನು ಪ್ಲಗಿನ್ ಎಂದು ಕರೆಯುತ್ತಾರೆ.

ಇದು ದೂರದ ಮಾತೇನೂ ಅಲ್ಲ. ಚಳ್ಳಕೆರೆಯ ರೈತನೊಬ್ಬ ಪಹಣಿಯ ಪ್ರತಿ ಬೇಕೆಂದು ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತಾಗ ಅವನು ನಿಂತಿರುವುದು ಸೇವಾ ಪದರದ ಮುಂದೆ. ಕರ್ನಾಟಕದ 'ಭೂಮಿ' ಯೋಜನೆ ನಮ್ಮ ನಾಡಿನ ಮಟ್ಟಿಗೆ ಈ ವಿಷಯದ ಅತ್ಯುತ್ತಮ ಪಾಠ ಎಂಬುದು ನಮ್ಮ ಅಭಿಮತ. ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಜ್ಞರ ನೆರವಿನಿಂದ, ೨೦೦೦ದ ಆಸುಪಾಸಿನಲ್ಲಿ ರಾಜ್ಯದ ೧೭೦ಕ್ಕೂ ಹೆಚ್ಚು ತಾಲ್ಲೂಕುಗಳ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಸುಮಾರು ೬೭ ಲಕ್ಷ ಭೂಮಾಲೀಕರ, ಸುಮಾರು ೨ ಕೋಟಿ ದಾಖಲೆಗಳು! ಅಲ್ಲಿಯವರೆಗೆ ಅವು ಸುಮಾರು ೯,೦೦೦ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದುವು. ಕಂಪ್ಯೂಟರಿನಿಂದ ಬಂದ ಪಹಣಿಯೇ ಊರ್ಜಿತ, ಕೈಬರಹದ್ದಲ್ಲ ಎಂದು ಸರ್ಕಾರ ಸಾರಿದ ಮೇಲೆ ಹಿಂದಕ್ಕೆ ಹೋಗುವ ದಾರಿಯೇ ಮುಚ್ಚಿತು.

ಈ ಯೋಜನೆಯನ್ನು ಹೊಗಳುವವರು ಸಾಮಾನ್ಯವಾಗಿ ಮುದ್ರಣ ಯಂತ್ರದಿಂದ ಪಹಣಿ ಹೊರಬೀಳುವ ವೇಗವನ್ನು ಹೊಗಳುತ್ತಾರೆ. ನಮಗೆ ಅದಕ್ಕಿಂತ ಮುಖ್ಯವಾಗಿ ತೋರುವುದು ಬೇರೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಇತ್ಯರ್ಥಗೊಳಿಸಬೇಕು, ನಡುವಿನ ಅರ್ಜಿಯನ್ನು ಹಾರಿಸಕೂಡದು ಎಂಬ ನಿಯಮವನ್ನು ತಂತ್ರಾಂಶದೊಳಗೇ ಸೇರಿಸಲಾಯಿತು. ದಾಖಲೆಯನ್ನು ಬದಲಾಯಿಸುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಹೊಗಬೇಕೆಂದು ಮಾಡಲಾಯಿತು. ಯಾರು ಬದಲಾಯಿಸಿದರೆಂಬುದು ಅದರಿಂದ ಗೊತ್ತಾಗುತ್ತದೆ. ಇವೆರಡೂ ಪರದೆಯ ಅಂದಕ್ಕೆ ಸಂಬಂಧಿಸಿದುವಲ್ಲ. ದತ್ತಾಂಶ ಯಾವ ಕೋಷ್ಟಕದಲ್ಲಿದೆ ಎಂಬುದಕ್ಕೂ ಸಂಬಂಧಿಸಿದುವಲ್ಲ. ಇವು ನಡುವಿನ ಪದರದ ಕಟ್ಟಳೆಗಳು. ಆ ಪದರವನ್ನು ಬಳಸಿಕೊಂಡು ಹೋಗಲು ಹಿತ್ತಿಲ ಬಾಗಿಲೊಂದಿದ್ದರೆ ಕಟ್ಟಳೆಗೆ ಬೆಲೆಯೇ ಇಲ್ಲ.

ಪಹಣಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡುವುದು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗೆ ಬಹಳ ಒಳ್ಳೆಯ ಅಭ್ಯಾಸ. ಹಳ್ಳಿಯಿಂದ ಬರುವ ವಿದ್ಯಾರ್ಥಿಗಳ ಮನೆಯಲ್ಲಿ ಅದು ಟ್ರಂಕಿನೊಳಗೆ ಇದ್ದೇ ಇರುತ್ತದೆ. ಒಂದೇ ಹಾಳೆ, ಆದರೆ ಅದರ ಅಂಕಣಗಳ ಆಯುಷ್ಯ ಬೇರೆ ಬೇರೆ. ಸರ್ವೆ ನಂಬರೂ ಮಣ್ಣಿನ ಬಗೆಯೂ ತಲೆಮಾರುಗಳವರೆಗೆ ಬದಲಾಗದೆ ಇರಬಹುದು. ೯ನೆಯ ಅಂಕಣದಲ್ಲಿರುವ ಖಾತೆದಾರನ ಹೆಸರು ಕ್ರಯ, ಪಾಲು, ಪೌತಿಗಳಾದಾಗ ಮಾತ್ರ ಬದಲಾಗುತ್ತದೆ. ಅದಕ್ಕೆ ನೋಟೀಸು, ಆಕ್ಷೇಪಣೆಯ ಅವಧಿ, ಆದೇಶ ಎಲ್ಲವೂ ಆಗಬೇಕು. ೧೧ನೆಯ ಅಂಕಣದ ಸಾಲ, ಋಣಗಳು ಬ್ಯಾಂಕಿನೊಡನೆ ಬರುತ್ತವೆ, ಹೋಗುತ್ತವೆ. ೧೨ನೆಯ ಅಂಕಣದ ಬೆಳೆಯಂತೂ ಹಂಗಾಮಿಗೊಮ್ಮೆ ಬದಲಾಗುತ್ತದೆ. ಬೆಳೆಯನ್ನು ಬರೆಯುವ ಅಧಿಕಾರವಿರುವವನಿಗೆ ಮಾಲೀಕನ ಹೆಸರನ್ನು ಬರೆಯುವ ಅಧಿಕಾರ ಇರಕೂಡದು. ಹೀಗಿರಲು, ಎಲ್ಲ ಅಂಕಣಗಳನ್ನೂ ಒಂದೇ ಕೋಷ್ಟಕದಲ್ಲಿಟ್ಟು, ಬಂದ ಪ್ಲಗಿನ್ನಿಗೆಲ್ಲ ಅದರ ಬೀಗದ ಕೈಯನ್ನು ಕೊಟ್ಟರೆ ಏನಾದೀತು? ಬೆಳೆ ಸಮೀಕ್ಷೆಯ ಪ್ಲಗಿನ್ನಿನ ಒಂದು ಸಣ್ಣ ತಪ್ಪಿನಿಂದ ಯಾರದೋ ಹೊಲ ಇನ್ನಾರದೋ ಹೆಸರಿಗೆ ಹೋದೀತು. ಯಾವುದು ಯಾವ ವೇಗದಲ್ಲಿ ಬದಲಾಗುತ್ತದೆ, ಯಾರ ಅನುಮತಿಯಿಂದ ಬದಲಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡೇ ಕೋಷ್ಟಕಗಳನ್ನು ಬಿಡಿಸಬೇಕು.

ಹೊಲದ ವಿಸ್ತೀರ್ಣದಲ್ಲಿ ಇನ್ನೊಂದು ಗುಂಡಿಯಿದೆ. ನಮ್ಮ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ತಪ್ಪದೆ ಅದರಲ್ಲಿ ಬೀಳುತ್ತಾರೆ. ನಮ್ಮಲ್ಲಿ ೪೦ ಗುಂಟೆಗೆ ೧ ಎಕರೆ. ೨ ಎಕರೆ ೨೦ ಗುಂಟೆಯನ್ನು ಜನ ೨-೨೦ ಎಂದು ಬರೆಯುತ್ತಾರೆ. ವಿದ್ಯಾರ್ಥಿ ಅದನ್ನು ೨.೨೦ ಎಂಬ ದಶಮಾಂಶವೆಂದು ಭಾವಿಸಿ ಸಂಗ್ರಹಿಸುತ್ತಾನೆ. ವಾಸ್ತವವಾಗಿ ಅದು ಎರಡೂವರೆ ಎಕರೆ. ಇದಕ್ಕೆ ೧-೩೦ನ್ನು ಕೂಡಿದರೆ ಯಂತ್ರ ೩.೫೦ ಎನ್ನುತ್ತದೆ, ಸರಿಯಾದ ಉತ್ತರ ೪ ಎಕರೆ ೧೦ ಗುಂಟೆ. ಮುಕ್ಕಾಲು ಎಕರೆ ಹೊಲ ಗಾಳಿಯಲ್ಲಿ ಕರಗಿಹೋಯಿತು! ಪರಿಹಾರ ಸುಲಭ: ಅತಿ ಸಣ್ಣ ಮಾನವನ್ನು ಹಿಡಿದು ಪೂರ್ಣಾಂಕವಾಗಿ ಸಂಗ್ರಹಿಸುವುದು. ಗುಂಟೆಗಳಲ್ಲಿ ಹೇಳಿದರೆ ೧೦೦ ಮತ್ತು ೭೦, ಒಟ್ಟು ೧೭೦. ಆಣೆಯವರೆಗೂ ಲೆಕ್ಕ ಬೇಕಾದರೆ ಗುಂಟೆಯೊಂದಕ್ಕೆ ೧೬ ಆಣೆಯಂತೆ ೨,೭೨೦. ಎಕರೆ-ಗುಂಟೆಯ ರೂಪ ಪರದೆಯ ಮೇಲೆ ತೋರಿಸುವುದಕ್ಕೆ ಮಾತ್ರ. ಒಳಗೆ ಇಡುವ ರೂಪ ಬೇರೆ, ಹೊರಗೆ ತೋರುವ ರೂಪ ಬೇರೆ ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ಪಠ್ಯಪುಸ್ತಕಗಳಲ್ಲಿ ನಾವು ಕಂಡಿಲ್ಲ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಸಂರಕ್ಷಣ ನಿಯಮಗಳು ಗೊತ್ತು. ಮುಚ್ಚಿದ ವ್ಯವಸ್ಥೆಯಲ್ಲಿ ಒಟ್ಟು ವಿದ್ಯುದಾವೇಶ ಹೆಚ್ಚುವುದಿಲ್ಲ, ಕುಗ್ಗುವುದಿಲ್ಲ. ಹೊಲದ ಮಾರಾಟದಲ್ಲಿಯೂ ಅಂತಹುದೇ ನಿಯಮವಿದೆ. ನಾಲ್ಕು ಎಕರೆಯಲ್ಲಿ ಎರಡನ್ನು ಮಾರಿದರೆ ಒಬ್ಬನ ಲೆಕ್ಕದಿಂದ ಎರಡನ್ನು ಕಳೆಯಬೇಕು, ಇನ್ನೊಬ್ಬನ ಲೆಕ್ಕಕ್ಕೆ ಎರಡನ್ನು ಸೇರಿಸಬೇಕು. ಕಳೆದ ಮೇಲೆ, ಸೇರಿಸುವ ಮುನ್ನ ವಿದ್ಯುತ್ತು ಹೋದರೆ? ಬೇಸಿಗೆಯಲ್ಲಿ ನಮ್ಮ ಕಡೆ ಇದು ಕೇವಲ ಕಲ್ಪನೆಯಲ್ಲ. ಪ್ರಕೃತಿ ತನ್ನ ನಿಯಮವನ್ನು ತಾನೇ ಪಾಲಿಸುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ನಾವು ಪಾಲಿಸುವಂತೆ ಮಾಡಬೇಕು. ಎರಡು ಕ್ರಿಯೆಗಳನ್ನೂ ಒಂದೇ ವ್ಯವಹಾರವೆಂದು ಕಟ್ಟಿಹಾಕಿ, ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಕೂಡದು ಎಂದು ವಿಧಿಸಬೇಕು. ಈ ಗಂಟನ್ನು ಹಾಕತಕ್ಕ ಸ್ಥಳ ಯಾವುದು? ಪರದೆಯಲ್ಲ, ಅದು ಎರಡು ಗುಂಡಿಗಳನ್ನು ತೋರಿಸಿ ಮರೆತುಬಿಡಬಹುದು. ಒಂದೊಂದು ಸಾಲನ್ನು ಬರೆಯುವ ಸಂಗ್ರಹ ಪದರವೂ ಅಲ್ಲ. ಆ ಎರಡು ಸಾಲುಗಳಿಗೆ ಸಂಬಂಧವಿದೆಯೆಂಬುದು ಅದಕ್ಕೆ ತಿಳಿಯದು. ಮಾರಾಟವೆಂದರೇನೆಂದು ಬಲ್ಲುದು ಸೇವಾ ಪದರವೊಂದೇ.

ಇನ್ನು ನಮ್ಮ ಮನೆಯ ಮಾತನ್ನೂ ಹೇಳಬೇಕು. ನಾವು ಪಾಠ ಹೇಳುವ ಕಾಲೇಜಿನಲ್ಲಿ ಕೆಲವು ವರ್ಷಗಳ ಹಿಂದೆ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನಗಳನ್ನು ಓದುತ್ತಿದ್ದ ಅಂತಿಮ ವರ್ಷದ ವಿದ್ಯಾರ್ಥಿಗಳು ಕಾಲೇಜಿಗೊಂದು ಪೋರ್ಟಲನ್ನು ಕಟ್ಟಿದರು. ಮಾರ್ಗದರ್ಶಕರಲ್ಲಿ ನಾವೂ ಒಬ್ಬರು. ಆದುದರಿಂದ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಒಬ್ಬ ಹಾಜರಿಯ ಪ್ಲಗಿನ್ ಬರೆದ, ಒಬ್ಬಳು ಪ್ರಯೋಗಾಲಯದ ಅಂಕಗಳದ್ದು, ಮತ್ತೊಬ್ಬ ಗ್ರಂಥಾಲಯದ್ದು. ಪ್ರತಿಯೊಬ್ಬರೂ ತಮ್ಮದೇ ಆದ 'ವಿದ್ಯಾರ್ಥಿ' ಕೋಷ್ಟಕವನ್ನು ಮಾಡಿಕೊಂಡಿದ್ದರು. ಎಲ್ಲರೂ ತರಗತಿಯ ಕ್ರಮಸಂಖ್ಯೆಯನ್ನೇ ಗುರುತಾಗಿ ಹಿಡಿದಿದ್ದರು. ಬಣ್ಣಬಣ್ಣದ ನಕ್ಷೆಗಳಿಂದ ಪರದೆ ಬಹಳ ಸೊಗಸಾಗಿತ್ತು. ಪರೀಕ್ಷಕರು ಮೆಚ್ಚಿ ತುಂಬ ಅಂಕಗಳನ್ನು ಕೊಟ್ಟರು.

ಮುಂದಿನ ವರ್ಷ ಒಬ್ಬ ವಿದ್ಯಾರ್ಥಿನಿ ಒಂದು ಐಚ್ಛಿಕ ವಿಷಯವನ್ನು ಬದಲಾಯಿಸಿ ಇನ್ನೊಂದು ವಿಭಾಗಕ್ಕೆ ಹೋದಳು. ಅವಳ ಕ್ರಮಸಂಖ್ಯೆ ಬದಲಾಯಿತು. ಹಾಜರಿಯ ಪ್ಲಗಿನ್ನಿಗೆ ಅವಳು ಇಬ್ಬರಾಗಿಬಿಟ್ಟಳು: ಆಗಸ್ಟಿನವರೆಗೆ ಒಬ್ಬಳು, ಅನಂತರ ಮತ್ತೊಬ್ಬಳು. ಇಬ್ಬರ ಹಾಜರಿಯೂ ಶೇಕಡ ೭೫ಕ್ಕಿಂತ ಕಡಿಮೆ. ಪರೀಕ್ಷೆಗೆ ಅನರ್ಹರಾದವರ ಪಟ್ಟಿಯಲ್ಲಿ ಅವಳ ಹೆಸರು ಬಂದಿತು. ಮೂವತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಅವಳ ತಂದೆ ಕೂಲಿ ಬಿಟ್ಟು ಎರಡು ದಿನ ಕಾಲೇಜಿಗೆ ಬಂದರು. ಕೊನೆಗೆ ಕಾಗದದ ಹಾಜರಿ ಪುಸ್ತಕವನ್ನು ತೆಗೆದು ಎಣಿಸಿದಾಗ ಅವಳು ತಪ್ಪಿಸಿಕೊಂಡಿದ್ದುದು ಬೆರಳೆಣಿಕೆಯ ದಿನಗಳು ಮಾತ್ರ ಎಂದು ತಿಳಿಯಿತು. ಪಟ್ಟಿಯನ್ನು ತಿದ್ದಲಾಯಿತು. ಆದರೆ 'ಕಂಪ್ಯೂಟರೇ ಹಾಗೆ ಹೇಳುತ್ತಿದೆ' ಎಂದು ಆ ಎರಡು ದಿನ ನಾವೆಲ್ಲರೂ ಅವರಿಗೆ ಹೇಳಿದ್ದೆವು.

ಈ ಘಟನೆಯಲ್ಲಿ ಎರಡು ಪ್ರತ್ಯೇಕ ತಪ್ಪುಗಳಿವೆ. ಮೊದಲನೆಯದು ಗುರುತಿನದು. ಕ್ರಮಸಂಖ್ಯೆ ವ್ಯಕ್ತಿಯ ಗುರುತಲ್ಲ, ಅದು ಅವಳು ಕುಳಿತಿರುವ ಸ್ಥಾನದ ಹೆಸರು. ಸಂಗ್ರಹ ಪದರದಲ್ಲಿ ಪ್ರತಿಯೊಬ್ಬರಿಗೂ ಯಾವ ಅರ್ಥವೂ ಇಲ್ಲದ, ಎಂದೂ ಬದಲಾಗದ ಒಂದು ಸಂಖ್ಯೆ ಇರಬೇಕು. ಹೆಸರು, ವಿಭಾಗ, ಕ್ರಮಸಂಖ್ಯೆ ಮುಂತಾದ ಅರ್ಥವುಳ್ಳ ವಿಷಯಗಳೆಲ್ಲ ಆ ಸಂಖ್ಯೆಗೆ ತಗುಲಿದ ಚೀಟಿಗಳು. ಅಶೋಕನ ಶಾಸನಗಳಲ್ಲಿಯೂ ಇದೇ ತೊಡಕು ಇದ್ದಿತಷ್ಟೆ! ಬ್ರಹ್ಮಗಿರಿಯ ಒಕ್ಕಣೆಯಲ್ಲಿ ಅಶೋಕನೆಂಬ ಹೆಸರೇ ಇಲ್ಲ. ಇರುವುದು ದೇವಾನಾಂಪ್ರಿಯ ಎಂಬ ಬಿರುದು. ಬಿರುದಿನವನೂ ಗ್ರಂಥಗಳಲ್ಲಿ ಬರುವ ಅಶೋಕನೂ ಒಬ್ಬನೇ ಎಂದು ವಿದ್ವಾಂಸರು ಮೊದಲೇ ಊಹಿಸಿದ್ದರೂ, ಶಾಸನದಲ್ಲಿಯೇ ಎರಡು ಹೆಸರುಗಳೂ ಜೊತೆಯಾಗಿ ಸಿಕ್ಕು ಸಂದೇಹ ಹರಿದುದು ೧೯೧೫ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಕ್ರವರ್ತಿಯ ಎರಡು ದಾಖಲೆಗಳನ್ನು ಜೋಡಿಸಲು ಒಂದು ಬಂಡೆ ಬೇಕಾಯಿತು. ನಮ್ಮ ವಿದ್ಯಾರ್ಥಿನಿಯ ಪಾಲಿಗೆ ಕಾಗದದ ಹಾಜರಿ ಪುಸ್ತಕವೇ ಮಸ್ಕಿಯಾಯಿತು.

ಎರಡನೆಯ ತಪ್ಪು, ಪ್ಲಗಿನ್ ಬರೆದವನು ಹಾಜರಾದ ದಿನಾಂಕಗಳನ್ನು ಇಡದೆ, ಪ್ರತಿ ವಾರ ಶೇಕಡವನ್ನು ಲೆಕ್ಕ ಹಾಕಿ ಅದನ್ನು ಮಾತ್ರ ಇಟ್ಟದ್ದು. ಪ್ರಯೋಗಾಲಯದಲ್ಲಿ ಲೋಲಕದ ಪ್ರಯೋಗ ಮಾಡುವಾಗ ನಾವು ವಿದ್ಯಾರ್ಥಿಗಳಿಗೆ ಏನು ಹೇಳುತ್ತೇವೆ? ಗುರುತ್ವ ವೇಗೋತ್ಕರ್ಷದ ಬೆಲೆಯನ್ನು ಮಾತ್ರ ಬರೆದು ತಂದರೆ ರುಜು ಹಾಕುವುದಿಲ್ಲ. ಇಪ್ಪತ್ತು ಆಂದೋಲನಗಳಿಗೆ ಹಿಡಿದ ಕಾಲವನ್ನು, ಲೋಲಕದ ಉದ್ದವನ್ನು ಕಂಡದ್ದು ಕಂಡಂತೆ ಬರೆ ಎನ್ನುತ್ತೇವೆ. ಲೆಕ್ಕ ತಪ್ಪಿದರೆ ಮತ್ತೆ ಮಾಡಬಹುದು. ವೀಕ್ಷಣೆ ಕಳೆದುಹೋದರೆ ಮತ್ತೆ ಬಾರದು. ಸಂಗ್ರಹ ಪದರವೆಂದರೆ ವೀಕ್ಷಣೆಗಳ ಪುಸ್ತಕ. ಶೇಕಡ, ಸರಾಸರಿ, ಅರ್ಹತೆ, ಅನರ್ಹತೆಗಳೆಲ್ಲವೂ ಕೇಳಿದಾಗ ಲೆಕ್ಕ ಹಾಕಿ ಕೊಡತಕ್ಕ ಸೇವೆಗಳು.

ಹೆಸರುಗಳ ವಿಷಯವನ್ನು ಮುಟ್ಟಿದ ಮೇಲೆ ಲಿಪಿಯ ವಿಷಯವನ್ನು ಬಿಡುವಂತಿಲ್ಲ. ಮೊಳಕಾಲ್ಮೂರು ಎಂಬ ಹೆಸರನ್ನೇ ನೋಡಿರಿ. 'ಮೂರು' ಎಂದು ಬರೆಯುವವರಿದ್ದಾರೆ, 'ಮುರು' ಎಂದು ಬರೆಯುವವರೂ ಇದ್ದಾರೆ. ಇದು ಕಣ್ಣಿಗೆ ಕಾಣುವ ಭೇದ. ಆದುದರಿಂದ ಅಷ್ಟು ಅಪಾಯಕಾರಿಯಲ್ಲ. ಮೊದಲ ಅಕ್ಷರವಾದ 'ಮೊ'ವಿನಲ್ಲಿ ಕಾಣದ ಭೇದವೊಂದು ಅಡಗಿದೆ. ಯೂನಿಕೋಡ್ ಸಂಕೇತ ಪದ್ಧತಿಯಲ್ಲಿ ಒ-ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎ-ಕಾರ ಮತ್ತು ಊ-ಕಾರದ ಎರಡು ಚಿಹ್ನೆಗಳನ್ನು ಒಂದರ ಮುಂದೊಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ ಹೆಸರುಗಳು. ಒಂದನ್ನು ಕೊಟ್ಟು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಸಾಲದುದಕ್ಕೆ, 'ಲ್'ಗೂ 'ಮೂ'ಗೂ ನಡುವೆ ಒತ್ತಕ್ಷರವಾಗದಂತೆ ತಡೆಯುವ, ತನಗೆ ಅಗಲವೇ ಇಲ್ಲದ ಸಂಕೇತವೊಂದನ್ನು ಕೆಲವರು ಹಾಕಿರುತ್ತಾರೆ. ಯೂನಿಕೋಡ್ ವ್ಯಾಪಕವಾಗುವ ಮೊದಲು ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಆಗಿನ ಕನ್ನಡ ತಂತ್ರಾಂಶಗಳಲ್ಲಿ ಅನೇಕವು ಅಕ್ಷರಗಳನ್ನಲ್ಲ, ಅಕ್ಷರದ ಆಕಾರದ ತುಣುಕುಗಳನ್ನು ಸಂಗ್ರಹಿಸುತ್ತಿದ್ದುವು. ಆ ಅಚ್ಚಿನ ಮೊಳೆಗಳಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡವು ರೋಮನ್ ಅಕ್ಷರಗಳ ಗೊಂದಲವಾಗಿ ಕಾಣುತ್ತಿತ್ತು. ಬ್ರಾಹ್ಮಿಗೆ ಬಂದ ದುರ್ಗತಿ ಅಂದಿನ ಕಡತಗಳಿಗೆ ಇಪ್ಪತ್ತೇ ವರ್ಷಗಳಲ್ಲಿ ಬಂದಿತೆಂದರೆ ಅತಿಶಯೋಕ್ತಿಯಲ್ಲ. ಯಾವ ಪ್ಲಗಿನ್ನಿನಿಂದ ಬಂದರೂ ಸರಿಯೆ, ಹೆಸರು ಬಂಡೆಗೆ ಹತ್ತುವ ಮುನ್ನ ಒಂದೇ ಬಾಗಿಲಿನಲ್ಲಿ ಹಾದು, ಒಂದೇ ರೂಪಕ್ಕೆ ಬಂದಿರಬೇಕು. ಹತ್ತು ಪ್ಲಗಿನ್ನುಗಳವರು ಹತ್ತು ಕಡೆ ಈ ಕೆಲಸವನ್ನು ಮಾಡುತ್ತಾರೆಂದು ನಂಬಿ ಕುಳಿತರೆ ಅದು ಎಂದಿಗೂ ಆಗುವುದಿಲ್ಲ.

ಪೋರ್ಟಲ್ ಚೌಕಟ್ಟುಗಳನ್ನು ಕಟ್ಟಿದವರಿಗೆ ಇದೆಲ್ಲ ತಿಳಿಯದ ವಿಷಯವೇನಲ್ಲ. ೧೯೭೦ರಲ್ಲಿ ಎಡ್ಗರ್ ಕಾಡ್ ಸಂಬಂಧಾತ್ಮಕ ಮಾದರಿಯನ್ನು ಮುಂದಿಟ್ಟಾಗ ಅವರ ಆಶಯವೇ, ಮಾಹಿತಿ ಒಳಗೆ ಹೇಗೆ ಜೋಡಿಸಲ್ಪಟ್ಟಿದೆ ಎಂಬ ಚಿಂತೆ ಬಳಸುವವರಿಗೆ ಇರಕೂಡದೆಂಬುದು. ೧೯೭೨ರಲ್ಲಿ ಡೇವಿಡ್ ಪಾರ್ನಾಸ್ ಇನ್ನೂ ಮುಂದೆ ಹೋಗಿ, ತಂತ್ರಾಂಶವನ್ನು ಕೆಲಸದ ಹಂತಗಳಿಗೆ ಅನುಸಾರವಾಗಿ ಒಡೆಯಬಾರದು; ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಭಾಗದೊಳಗೆ ಬಚ್ಚಿಡುವಂತೆ ಒಡೆಯಬೇಕು ಎಂದು ವಾದಿಸಿದರು. ನಮ್ಮ ದೃಷ್ಟಿಯಲ್ಲಿ ಈ ವಿಷಯದಲ್ಲಿ ಅದಕ್ಕಿಂತ ಉಪಯುಕ್ತವಾದ ಮಾತು ಈವರೆಗೆ ಬಂದಿಲ್ಲ. ಜಾವಾ ಭಾಷೆಯ ಲೈಫ್‌ರೇ ಚೌಕಟ್ಟಿನಲ್ಲಿ ಸರ್ವೀಸ್ ಬಿಲ್ಡರ್ ಎಂಬ ಸಾಧನವಿದೆ. ಯಾವ ಯಾವ ವಸ್ತುಗಳನ್ನು ಸಂಗ್ರಹಿಸಬೇಕೆಂದು ಒಂದು ಕಡತದಲ್ಲಿ ಬರೆದುಕೊಟ್ಟರೆ ಅದು ಕೋಷ್ಟಕಗಳನ್ನೂ ಸಂಗ್ರಹ ಪದರವನ್ನೂ ಸೇವಾ ಪದರದ ಹಂದರವನ್ನೂ ತಾನೇ ಹೆಣೆದುಕೊಡುತ್ತದೆ. ಒಳಗಿನ ಸೇವೆ, ಹೊರಗಿನವರು ಕರೆಯುವ ಸೇವೆ ಎಂದು ಎರಡನ್ನು ಬೇರ್ಪಡಿಸುತ್ತದೆ. ಅಧಿಕಾರದ ಪರಿಶೀಲನೆಯನ್ನು ಹೊರಸೇವೆಯಲ್ಲಿ ಮಾಡುವುದು ವಾಡಿಕೆ. ಬಹಳ ಅನುಕೂಲವಾದ ಏರ್ಪಾಡು, ಸಂದೇಹವಿಲ್ಲ. ಆದರೆ ಎಕರೆ-ಗುಂಟೆಯನ್ನು ದಶಮಾಂಶವೆಂದು ಬರೆದುಕೊಟ್ಟರೆ ಆ ಸಾಧನ ತಪ್ಪು ಕೋಷ್ಟಕವನ್ನೇ ಬಹು ಅಚ್ಚುಕಟ್ಟಾಗಿ ಹೆಣೆದುಕೊಡುತ್ತದೆ.

ನಮ್ಮ ನಾಡಿನಲ್ಲಿ ಸೇವಾ ಸಿಂಧು ಪೋರ್ಟಲ್ ಬೆಳೆದುದು ಸರ್ವೀಸ್‌ಪ್ಲಸ್ ಎಂಬ ಇಂತಹುದೇ ಒಂದು ಚೌಕಟ್ಟಿನ ಮೇಲೆ. ಇಲಾಖೆಯೊಂದು ಹೊಸ ಸೇವೆಯನ್ನು ಆರಂಭಿಸಬೇಕಾದರೆ ಅರ್ಜಿಯ ನಮೂನೆಯನ್ನೂ, ಅರ್ಜಿ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗಬೇಕೆಂಬುದನ್ನೂ ವಿವರಿಸಿ ಅದರಲ್ಲಿ ಸೇರಿಸಬಹುದು. ರೈತರ ನೋಂದಣಿಗಾಗಿ ಇರುವ 'ಫ್ರೂಟ್ಸ್' ವ್ಯವಸ್ಥೆಯಲ್ಲಿ ಪ್ರತಿ ರೈತನಿಗೂ ಒಂದು ಗುರುತಿನ ಸಂಖ್ಯೆಯಿದೆ. ಹೊಲದ ವಿವರ ಭೂಮಿಯಿಂದ ಬರುತ್ತದೆ. ಬೆಂಬಲ ಬೆಲೆ, ಬರ ಪರಿಹಾರ ಮುಂತಾದ ಕಾರ್ಯಕ್ರಮಗಳು ಆ ಸಂಖ್ಯೆಯನ್ನು ಹಿಡಿದು ರೈತನನ್ನು ಗುರುತಿಸುತ್ತವೆ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗುವುದು ಚಳ್ಳಕೆರೆ, ಮೊಳಕಾಲ್ಮೂರುಗಳ ರೈತರಿಗೆ ಹೊಸದೇನಲ್ಲ. ಆಗ ಪರಿಹಾರದ ಹಣ ಸೇರಬೇಕಾದ ಬ್ಯಾಂಕ್ ಖಾತೆಗೆ ಸೇರುವುದೂ ಸೇರದಿರುವುದೂ, ಪಹಣಿಯ ಹೆಸರು ಆಧಾರ್ ಚೀಟಿಯ ಹೆಸರಿಗೆ ಹೊಂದುತ್ತದೆಯೆ ಎಂಬ ಒಂದು ಎಳೆಯ ಮೇಲೆ ನಿಂತಿರುತ್ತದೆ. ಪೌತಿ ಖಾತೆಯಾಗದೆ ಇಪ್ಪತ್ತು ವರ್ಷಗಳಿಂದ ಅಜ್ಜನ ಹೆಸರಿನಲ್ಲಿಯೇ ಉಳಿದ ಹೊಲಗಳೆಷ್ಟೋ ಇವೆ. ಅವನ್ನು ಯಾವ ತಂತ್ರಾಂಶವೂ ತಾನಾಗಿ ಸರಿಮಾಡಲಾರದು. ಹೊಂದದಿದ್ದಾಗ ಏನು ಮಾಡಬೇಕೆಂಬುದನ್ನಾದರೂ ತಂತ್ರಾಂಶ ಹೇಳಬೇಡವೆ? 'ದಾಖಲೆ ಇಲ್ಲ' ಎಂದು ಪರದೆಯ ಮೇಲೆ ಬರೆದು ಸುಮ್ಮನಾಗುವುದು ಸೇವೆಯಲ್ಲ. ತಿದ್ದುಪಡಿಯೂ ಒಂದು ಸೇವೆ. ಅರ್ಜಿ, ಪುರಾವೆ, ಆದೇಶಗಳೊಡನೆ ಅದಕ್ಕೊಂದು ಬಾಗಿಲನ್ನು ಮೊದಲ ದಿನವೇ ಇಡಬೇಕು. ತಿದ್ದಿದಾಗ ಹಳೆಯ ಬರಹವನ್ನು ಅಳಿಸದೆ, ಯಾವಾಗ ಯಾರ ಆದೇಶದಿಂದ ಬದಲಾಯಿತೆಂಬುದನ್ನು ಪಕ್ಕದಲ್ಲಿ ಬರೆಯಬೇಕು. ಕಂದಾಯ ಇಲಾಖೆಯ ಮ್ಯುಟೇಷನ್ ಪುಸ್ತಕ ಕಂಪ್ಯೂಟರಿಗಿಂತ ಬಹಳ ಹಿಂದಿನಿಂದಲೂ ಮಾಡುತ್ತಿದ್ದುದು ಇದನ್ನೇ.

ನಮ್ಮ ಮಿತ್ರರೊಬ್ಬರು, ಕಂಪ್ಯೂಟರ್ ವಿಭಾಗದವರು, ಈ ವಾದವನ್ನು ಒಪ್ಪುವುದಿಲ್ಲ. ಒಂದು ಹೆಸರನ್ನು ತೋರಿಸುವುದಕ್ಕೆ ನಾಲ್ಕು ಪದರಗಳನ್ನು ದಾಟಬೇಕೆ? ಒಂದು ಪದರ ಇನ್ನೊಂದನ್ನು ಕರೆಯುವುದು, ಅದು ಮತ್ತೊಂದನ್ನು ಕರೆಯುವುದು, ನಡುವೆ ಯಾರೂ ಏನೂ ಮಾಡದಿರುವುದು, ಇದು ಕಚೇರಿಯ ಟಪಾಲಿನಂತಾಯಿತು ಎನ್ನುತ್ತಾರೆ. ಅವರ ಮಾತಿನಲ್ಲಿ ನಿಜಾಂಶವಿದೆ. ನಿಯಮವೇ ಇಲ್ಲದ ಸೇವಾ ಪದರ, ಗೋಡೆಯಿಲ್ಲದ ಬಯಲಿನಲ್ಲಿ ನಿಲ್ಲಿಸಿದ ಬಾಗಿಲುವಾಡದಂತೆ, ಹಾಸ್ಯಾಸ್ಪದ. ಒಬ್ಬನೇ ಬರೆದು ಒಬ್ಬನೇ ಬಳಸುವ ಸಣ್ಣ ತಂತ್ರಾಂಶಕ್ಕೆ ಪದರಗಳ ಆಡಂಬರ ಬೇಡವೆಂಬುದನ್ನು ನಾವು ಧಾರಾಳವಾಗಿ ಒಪ್ಪುತ್ತೇವೆ. ಆದರೆ ಅದೇ ಮಾಹಿತಿಯನ್ನು ಮುಟ್ಟುವ ಎರಡನೆಯ ಪ್ಲಗಿನ್ ಬಂದ ದಿನ ಪರಿಸ್ಥಿತಿ ಬದಲಾಗುತ್ತದೆ. ಮಿತ್ರರು ಆ ದಿನ ಬಂದಾಗ ನೋಡೋಣ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಮೊದಲನೆಯ ಪ್ಲಗಿನ್ ಬರೆದವನು ಕಾಲೇಜನ್ನು ಬಿಟ್ಟು ಬೆಂಗಳೂರು ಸೇರಿರುತ್ತಾನೆ ಎಂಬುದು ನಮ್ಮ ಅನುಭವ.

ಪ್ಲಗಿನ್ನನ್ನು ಚುಚ್ಚುವ ವಿಚಾರವನ್ನು ಎಲ್ಲರೂ ಮಾಡುತ್ತಾರೆ. ಕೀಳುವ ವಿಚಾರವನ್ನು ಮಾಡುವವರು ಕಡಿಮೆ. ಯೋಜನೆಯೊಂದು ಮುಗಿಯುತ್ತದೆ, ಅದರ ಪ್ಲಗಿನ್ನನ್ನು ತೆಗೆಯುತ್ತಾರೆ. ಅದರೊಡನೆ ಅದರ ಕೋಷ್ಟಕಗಳೂ ಹೋಗಬೇಕೆ? ತಾನು ಅರ್ಜಿ ಹಾಕಿದ್ದೆ, ಇಂತಹ ದಿನ ಇಂತಹ ಕಾರಣಕ್ಕೆ ಅದು ತಿರಸ್ಕೃತವಾಯಿತು ಎಂಬುದಕ್ಕೆ ರೈತನ ಬಳಿ ಬೇರೆ ಸಾಕ್ಷಿ ಇರುವುದಿಲ್ಲ. ಪ್ಲಗಿನ್ ಬಂದುಹ��ಗುವ ಅತಿಥಿ, ದಾಖಲೆ ಮನೆಯದು. ಅತಿಥಿ ಹೊರಡುವಾಗ ಮನೆಯ ಪಾತ್ರೆಗಳನ್ನು ಚೀಲಕ್ಕೆ ತುಂಬಿಕೊಳ್ಳದಂತೆ ಸಂಗ್ರಹ ಪದರವನ್ನು ಚೌಕಟ್ಟಿನ ವಶದಲ್ಲಿಯೇ ಇಡಬೇಕು. ಪ್ರತಿಗಳ ವಿಷಯದಲ್ಲಿ ಅಶೋಕನ ಅಧಿಕಾರಿಗಳು ನಮಗಿಂತ ಜಾಣರಾಗಿದ್ದರು: ಇದೇ ಕಿರು ಶಾಸನದ ಪ್ರತಿಗಳು ಮೊಳಕಾಲ್ಮೂರಿನ ಮೂರು ಎಡೆಗಳಲ್ಲಲ್ಲದೆ ಮಸ್ಕಿಯಲ್ಲಿಯೂ ಇನ್ನೂ ದೂರದ ಊರುಗಳಲ್ಲಿಯೂ ಇವೆ. ನಮ್ಮ ಕಾಲೇಜಿನ ಪೋರ್ಟಲಿನ ಪ್ರತಿ ಬಹಳ ದಿನಗಳವರೆಗೆ ಅದೇ ಮೇಜಿನ ಅದೇ ಯಂತ್ರದ ಇನ್ನೊಂದು ಮೂಲೆಯಲ್ಲಿತ್ತು.

ಕಾಲೇಜುಗಳಲ್ಲಿ ಅಂತಿಮ ವರ್ಷದ ಯೋಜನೆಗಳಿಗೆ ಅಂಕ ಕೊಡುವ ರೀತಿ ಬದಲಾಗಬೇಕೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಪರೀಕ್ಷಕರು ಮೊದಲು ಪರದೆಯನ್ನು ತೋರಿಸೆನ್ನುತ್ತಾರೆ. ಪರದೆ ಚೆನ್ನಾಗಿದ್ದರೆ ಉಳಿದುದನ್ನು ನೋಡುವುದೇ ಇಲ್ಲ. ಅದಕ್ಕೆ ಬದಲಾಗಿ ಕೋಷ್ಟಕಗಳ ಚಿತ್ರವನ್ನು ಕೇಳಲಿ. ಈ ಸಾಲನ್ನು ಬರೆಯುವ ಅಧಿಕಾರ ಯಾರಿಗಿದೆ, ಆ ನಿಯಮ ಯಾವ ಕಡತದಲ್ಲಿದೆ ಎಂದು ಕೇಳಲಿ. ಯಂತ್ರದ ತಂತಿಯನ್ನು ನಡುವೆ ಕಿತ್ತು, ಮತ್ತೆ ಚಾಲೂ ಮಾಡಿ, ಲೆಕ್ಕ ಸರಿಯಿದೆಯೆ ಎಂದು ನೋಡಲಿ. ವಿದ್ಯಾರ್ಥಿಗಳು ಅಂಕ ಎಲ್ಲಿದೆಯೋ ಅಲ್ಲಿ ದುಡಿಯುತ್ತಾರೆ. ಅದು ಅವರ ತಪ್ಪಲ್ಲ.

ಈ ವರ್ಷದ ವಿದ್ಯಾರ್ಥಿಗಳು ನಮ್ಮ ಪೋರ್ಟಲನ್ನು ಹೊಸದಾಗಿ ಕಟ್ಟುತ್ತಿದ್ದಾರೆ. ಎರಡು ತಿಂಗಳಾದರೂ ತೋರಿಸಲು ಒಂದು ಪರದೆಯೂ ಆಗಿಲ್ಲವೆಂದು ಅವರಿಗೆ ಬೇಸರ. ಆಗಿರುವುದು ಇಷ್ಟು: 'ವಿದ್ಯಾರ್ಥಿ' ಕೋಷ್ಟಕ ಒಂದೇ ಇದೆ, ಕ್ರಮಸಂಖ್ಯೆಗೆ ಬೇರೆಯಾದ ಕೋಷ್ಟಕವಿದ್ದು, ಯಾವ ದಿನದಿಂದ ಯಾವ ದಿನದವರೆಗೆ ಯಾವ ಸಂಖ್ಯೆ ಎಂದು ಅದರಲ್ಲಿ ಬರೆದಿದೆ, ಹಾಜರಿಯನ್ನು ದಿನಾಂಕಗಳಾಗಿಯೇ ಇಡಲಾಗಿದೆ, ತಪ್ಪಿದೆಯೆಂದು ವಿದ್ಯಾರ್ಥಿಯೇ ದೂರು ಕೊಡುವ ಸೇವೆ ಸಿದ್ಧವಾಗಿದೆ. ಹಳೆಯ ಪೋರ್ಟಲಿನಲ್ಲಿ ಇಬ್ಬರಾಗಿದ್ದವಳ ದಾಖಲೆಗಳನ್ನು ಕಳೆದ ವಾರ ಒಂದುಗೂಡಿಸಿದರು. ಗ್ರಂಥಾಲಯದ ಕೋಷ್ಟಕದಲ್ಲಿ ಅವಳು ಇನ್ನೂ ಇಬ್ಬರಾಗಿಯೇ ಇದ್ದಾಳೆ. ಒಬ್ಬಳ ಲೆಕ್ಕದಲ್ಲಿ ಹಿಂದಿರುಗಿಸದ ಪುಸ್ತಕವೊಂದಿದೆ, ಇನ್ನೊಬ್ಬಳ ಲೆಕ್ಕದಲ್ಲಿ ಅದೇ ಪುಸ್ತಕ ಹಿಂದಿರುಗಿದೆ.